ಪಡುವಣ ಜಗಲಿಯ ವರದಿ

ಆ ತರಬೇತಿಗೆ ಹೋಗಬೇಕಾಗಿದ್ದವಳು ನಾನಲ್ಲ. ಚರಿತ್ರೆಯ ತರಬೇತಿಯಾದರೂ ಪಟ್ಟಿಯಲ್ಲಿ ಹೇಗೋ ನಮ್ಮ ಶಾಲೆಯ ಇಂಗ್ಲಿಷ್ ಮೇಷ್ಟ್ರ ಹೆಸರಿತ್ತು. ಅವರು ಮಗಳ ಮದುವೆಗೆಂದು ರಜೆಯಲ್ಲಿದ್ದರು. ಶಾಲೆಯಿಂದ ಒಬ್ಬರಾದರೂ ಹೋಗದಿದ್ದರೆ ಕಾರಣ ಕೇಳಿ ಕಾಗದ ಬರುತ್ತದೆಂದು ಹೆಡ್‌ಮಾಸ್ಟರು ನನ್ನ ಹೆಸರು ಬರೆದು ಕಳಿಸಿದರು. ಸಮಾಜ ವಿಜ್ಞಾನ ಪಾಠ ಮಾಡಲು ಶುರುಮಾಡಿ ನನಗಾಗಲೇ ಇಪ್ಪತ್ತಾರು ವರ್ಷವಾಗಿತ್ತು. ಇಷ್ಟು ವರ್ಷಗಳಲ್ಲಿ ಎಷ್ಟು ತರಬೇತಿಗಳಲ್ಲಿ ಕೂತು ಎದ್ದು ಬಂದಿದ್ದೇನೋ ನೆನಪಿಲ್ಲ. ಪ್ರತಿ ಸಲ ಕೊಟ್ಟ ಪ್ಲಾಸ್ಟಿಕ್ ಫೈಲುಗಳು ಮಾತ್ರ ಮನೆಯ ಅಟ್ಟದಲ್ಲಿ ಒಂದರ ಮೇಲೊಂದು ಬಿದ್ದಿವೆ.

ನಮ್ಮ ಮನೆ ನಂಜನಗೂಡಿನಲ್ಲಿ. ನನ್ನ ಯಜಮಾನರಿಗೆ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ. ಅವರ ಶಿಫ್ಟ್ ವಾರಕ್ಕೊಮ್ಮೆ ಬದಲಾಗುತ್ತದೆ, ನನ್ನದು ಬದಲಾಗುವುದಿಲ್ಲ. ಬೆಳಿಗ್ಗೆ ಏಳಕ್ಕೆ ಟಿ. ನರಸೀಪುರದ ಬಸ್ಸು, ಅಲ್ಲಿಳಿದು ಸೋಸಲೆ ಕಡೆಯ ಇನ್ನೊಂದು ಬಸ್ಸು, ಅದು ಬಿಟ್ಟ ಕಡೆಯಿಂದ ನಾಲೆಯ ಏರಿ ಮೇಲೆ ಒಂದು ಕಿಲೋಮೀಟರು ನಡಿಗೆ. ಶಾಲೆ ಇರುವ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿಯವರು ನನ್ನನ್ನು ಹನ್ನೊಂದು ವರ್ಷ ಚೆನ್ನಾಗಿಯೇ ನೋಡಿಕೊಂಡಿದ್ದಾರೆ.

ತರಬೇತಿ ಕೊಟ್ಟವಳು ಚಿಕ್ಕ ವಯಸ್ಸಿನ ಹುಡುಗಿ. ಪಠ್ಯಪುಸ್ತಕದಲ್ಲಿ ಇರುವುದನ್ನು ಓದಿ ಹೇಳಿದರೆ ಅದು ಚರಿತ್ರೆಯ ಪಾಠವಾಗುವುದಿಲ್ಲ, ಆ ಕಾಲದವರೇ ಬರೆದಿಟ್ಟ ಕಾಗದವನ್ನು ಮಕ್ಕಳ ಮುಂದೆ ಇಡಿ ಎಂದಳು. ಹಳೆಯ ಪತ್ರ, ನಕ್ಷೆ, ವರದಿ, ಲೆಕ್ಕದ ಪುಸ್ತಕ ಎಲ್ಲವನ್ನೂ ಈಗ ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿನಲ್ಲಿ ಹಾಕಿದ್ದಾರೆ, ಯಾರು ಬೇಕಾದರೂ ತೆಗೆದು ನೋಡಬಹುದು. ಇವಕ್ಕೆ ಮೂಲ ಆಕರ ಎನ್ನುತ್ತಾರೆ. ಇದನ್ನು ಬರೆದವರು ಯಾರು, ಯಾವಾಗ, ಯಾಕೆ ಎಂಬ ಮೂರು ಪ್ರಶ್ನೆಗಳನ್ನು ಮಕ್ಕಳ ಬಾಯಿಂದಲೇ ಕೇಳಿಸಬೇಕು. ಊಟದ ನಂತರ ಅವಳು ಒಂದು ಹಳೆಯ ನಕ್ಷೆ ತೋರಿಸಲು ಹೊರಟಾಗ ನೆಟ್‌ವರ್ಕ್ ಸಿಗಲಿಲ್ಲ. ಪರದೆಯ ಮೇಲೆ ಚಕ್ರವೊಂದು ಸುತ್ತುತ್ತಲೇ ಇತ್ತು. ನನ್ನ ಪಕ್ಕದಲ್ಲಿದ್ದ ಮೇಷ್ಟ್ರು ಕೂತಲ್ಲೇ ನಿದ್ದೆ ಮಾಡಿದರು. ಕೊನೆಗೆ ಒಂದು ತಿಂಗಳೊಳಗೆ ಎಲ್ಲರೂ ಇಂಥ ಒಂದು ಚಟುವಟಿಕೆ ಮಾಡಿ ಫೋಟೋ ಅಪ್‌ಲೋಡ್ ಮಾಡಬೇಕೆಂದು ಹೇಳಿ ಬಿಟ್ಟರು.

ನಾನು ಮಾಡಲು ಹೊರಟಿದ್ದು ಆ ಫೋಟೋಗಾಗಿ ಅಷ್ಟೇ. ಹುಮ್ಮಸ್ಸಿತ್ತು ಎಂದರೆ ಸುಳ್ಳಾಗುತ್ತದೆ. ಒಂದು ಭಾನುವಾರ ಮಧ್ಯಾಹ್ನ, ಯಜಮಾನರು ಶಿಫ್ಟ್ ಮುಗಿಸಿ ಬಂದು ಮಲಗಿದ್ದಾಗ, ಅಡುಗೆಮನೆಯ ಬಾಗಿಲಲ್ಲಿ ಕೂತು ಮೊಬೈಲಿನಲ್ಲಿ ಶಾಲೆಯ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಹೊಡೆದು ಹುಡುಕಿದೆ. ಏನೂ ಸಿಗಲಿಲ್ಲ. ಹಳೆಯ ಕಾಲದವರು ನಮ್ಮ ಊರುಗಳ ಹೆಸರನ್ನು ಹೇಗೆ ಬೇಕೋ ಹಾಗೆ ಬರೆಯುತ್ತಿದ್ದರೆಂದು ಆ ಹುಡುಗಿ ಹೇಳಿದ್ದು ನೆನಪಾಗಿ, ಅಕ್ಷರಗಳನ್ನು ಅದಲುಬದಲು ಮಾಡಿ ನಾಲ್ಕೈದು ಸಲ ಹೊಡೆದೆ. ಆಗ ಒಂದು ದಪ್ಪ ಪುಸ್ತಕ ತೆರೆದುಕೊಂಡಿತು. ಮಹಾರಾಜರ ಕಾಲದಲ್ಲಿ ಯಾರೋ ಒಬ್ಬ ಅಧಿಕಾರಿ ಊರೂರು ಸುತ್ತಿ ಶಾಲೆಗಳನ್ನು ನೋಡಿ ಬರೆದ ವರದಿಗಳು. ನಮ್ಮ ಶಾಲೆಗೆ ಅರ್ಧ ಪುಟ ಸಿಕ್ಕಿತ್ತು.

ನಿಜ ಹೇಳಬೇಕೆಂದರೆ ಅದನ್ನು ಓದಿದಾಗ ನನಗೆ ಖುಷಿಯಾಯಿತು. ಮಾಡಿನ ಹೆಂಚು ಒಡೆದಿವೆ, ಮಳೆ ಬಂದರೆ ಮಕ್ಕಳನ್ನು ಮನೆಗೆ ಕಳಿಸುತ್ತಾರೆ. ಮೇಷ್ಟ್ರು ಸಂತೆಯ ದಿನ ಶಾಲೆಗೆ ಬರುವುದಿಲ್ಲ. ಬಾಯಿಲೆಕ್ಕದಲ್ಲಿ ಹುಡುಗರು ಚುರುಕು, ಬರವಣಿಗೆ ಸಾಲದು. ಕೊಯ್ಲಿನ ಕಾಲದಲ್ಲಿ ಅರ್ಧ ಶಾಲೆ ಖಾಲಿ. ಕೊನೆಯಲ್ಲಿ ಇನ್ನೊಂದು ವಾಕ್ಯವಿತ್ತು. ಇಂಥ ಜಾತಿಯ ಮಕ್ಕಳು ಹೊರಗಿನ ಜಗಲಿಯಲ್ಲಿ ಕೂರುತ್ತಾರೆ, ಅಲ್ಲಿ ಗಾಳಿ ಚೆನ್ನಾಗಿರುವುದರಿಂದ ಅದು ಅವರಿಗೇ ಇಷ್ಟ, ಈ ಬಗ್ಗೆ ಯಾರ ದೂರೂ ಇಲ್ಲ ಎಂಬ ಅರ್ಥದ್ದು. ಜಾತಿಗೆ ಬಳಸಿದ್ದು ಆ ಕಾಲದ ಪದ. ಆ ವಾಕ್ಯವನ್ನು ಓದಿದೆ, ಮುಂದಕ್ಕೆ ಹೋದೆ. ನನ್ನ ತಲೆಯಲ್ಲಿದ್ದದ್ದು ಒಡೆದ ಹೆಂಚು ಮತ್ತು ಸಂತೆಗೆ ಹೋಗುವ ಮೇಷ್ಟ್ರು. ಮಕ್ಕಳು ನಗುತ್ತಾರೆ ಎಂದುಕೊಂಡೆ.

ಮಾರನೆಯ ದಿನ ನರಸೀಪುರದ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಆ ಪುಟದ ಹತ್ತು ಜೆರಾಕ್ಸ್ ಮಾಡಿಸಿ ಒಂಬತ್ತನೇ ತರಗತಿಗೆ ತೆಗೆದುಕೊಂಡು ಹೋದೆ. ಮೂವತ್ತೊಂದು ಮಕ್ಕಳು, ಕನ್ನಡ ಮಾಧ್ಯಮ. ಇಂಗ್ಲಿಷ್ ಪುಟವನ್ನು ಅವರಾಗಿ ಓದಲಾರರು. ನಾನು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ, ಅವರು ಆ ಸಾಲಿನ ಕೆಳಗೆ ಗೆರೆ ಎಳೆಯಬೇಕು. ಸಂತೆಯ ಮೇಷ್ಟ್ರಿಗೆ ಅವರು ನಕ್ಕಿದ್ದೂ ಹೌದು. ಕೊಯ್ಲಿಗೆ ಹೋಗುವ ಮಕ್ಕಳ ವಿಷಯ ಬಂದಾಗ ಈಗಲೂ ಹಾಗೇ ಅಲ್ವಾ ಮಿಸ್ ಎಂದರು. ಪಾಠ ಚೆನ್ನಾಗಿ ಸಾಗಿತ್ತು. ಎಷ್ಟೋ ದಿನಗಳ ಮೇಲೆ ತರಗತಿಯಲ್ಲಿ ನನಗೆ ಆಯಾಸ ಮರೆತಿತ್ತು.

ಕೊನೆಯ ವಾಕ್ಯಕ್ಕೆ ಬಂದಾಗ ನಾನು ಆ ಪದವನ್ನು ಬಿಟ್ಟೆ. ಕೆಲವು ಮಕ್ಕಳು ಗಾಳಿ ಬೀಸುತ್ತದೆಂದು ಹೊರಗೆ ಜಗಲಿಯಲ್ಲಿ ಕೂರುತ್ತಿದ್ದರು ಎಂದು ಹೇಳಿ ಮುಗಿಸಿದೆ. ಅದು ಮೊದಲೇ ಯೋಚಿಸಿಟ್ಟುಕೊಂಡದ್ದಲ್ಲ, ಬಾಯಿಗೆ ಹಾಗೆ ಬಂತು.

ಕಿಟಕಿಯ ಪಕ್ಕದ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ ಎದ್ದು ನಿಂತಳು. ಮಾತು ಕಡಿಮೆ, ಅಕ್ಷರ ಚೆಂದ. ಅವಳ ತಂದೆ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದರು, ತಾಯಿ ಕೂಲಿಗೆ ಹೋಗುತ್ತಿದ್ದರು. ಅವಳ ಮನೆ ಊರಿನ ಕೆಳಗಿನ ಬೀದಿಯಲ್ಲಿ, ಬಾಗಿಲ ಮೇಲೆ ಬುದ್ಧನ ಪಟವಿದ್ದ ಮನೆ. ಅವಳು ಹಾಳೆಯ ಮೇಲೆ ಬೆರಳಿಟ್ಟುಕೊಂಡು ಕೇಳಿದಳು.

"ಕೆಲವು ಮಕ್ಳು ಅಂದ್ರೆ ಯಾರು ಮಿಸ್? ಇಲ್ಲಿ ಇನ್ನೂ ಏನೋ ಒಂದ್ ಪದ ಅದೆ."

ಅದೇನಿರಬಹುದೆಂದು ಊಹಿಸಿದವರೆಲ್ಲ ತಲೆ ತಗ್ಗಿಸಿದರು, ಮೇಲಿನ ಬೀದಿಯವರೂ ಕೆಳಗಿನ ಬೀದಿಯವರೂ. ಅದು ಹಳೆಯ ಇಂಗ್ಲಿಷು, ನಾಳೆ ಡಿಕ್ಷನರಿ ನೋಡಿ ಹೇಳುತ್ತೇನೆ ಎಂದೆ. ಅಷ್ಟರಲ್ಲಿ ಬೆಲ್ ಹೊಡೆಯಿತು. ಅವಳು ಕೂತುಕೊಂಡಳು. ನಾನು ಸ್ಟಾಫ್ ರೂಮಿಗೆ ಬಂದು ಡಬ್ಬಿ ತೆರೆದು ಮತ್ತೆ ಮುಚ್ಚಿಟ್ಟೆ. ಬರೆದವರು ಯಾರು, ಯಾಕೆ ಎಂದು ಕೇಳಿಸಲು ಹೋದವಳು ನಾನು. ಮೊದಲ ಪ್ರಶ್ನೆ ಬಂದ ಕೂಡಲೇ ಸುಳ್ಳು ಹೇಳಿ ಬಂದಿದ್ದೆ.

ನಾಳೆ ಎಂದದ್ದು ಮೂರು ದಿನವಾಯಿತು. ಯಾವುದೋ ಆನ್‌ಲೈನ್ ಮಾಹಿತಿ ತುಂಬುವುದಿತ್ತು, ಒಂದು ದಿನ ಬಿಸಿಯೂಟದ ಮೊಟ್ಟೆಯ ಲೆಕ್ಕ ನೋಡಲು ಯಾರೋ ಬಂದರು. ಅವಳು ಮತ್ತೆ ಕೇಳಲಿಲ್ಲ. ಶುಕ್ರವಾರ ಊಟದ ಬಿಡುವಿನಲ್ಲಿ ಒಬ್ಬ ಮುದುಕರನ್ನು ಕರೆದುಕೊಂಡು ಬಂದಳು. ನಮ್ ತಾತ ಎಂದಳು. ಎಂಬತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಷರ್ಟು, ಕೈಯಲ್ಲಿ ನಾಲ್ಕು ಮಡಿಕೆಯಾಗಿದ್ದ ಅದೇ ಜೆರಾಕ್ಸ್ ಹಾಳೆ. ಕುರ್ಚಿ ಕೊಟ್ಟೆ. ಕೂತರು.

"ಕನ್ನಡ ಆದ್ರೆ ನಾನೇ ಓದ್ಕೊತಿದ್ದೆ ಮೇಡಮ್ಮೋರೆ. ಇದು ಇಂಗ್ಲೀಸು ಅಂದ್ಳು ಮಗಾ. ಏನ್ ಬರ್ದದೆ, ಒಂದಕ್ಸರ ಬುಡ್ದಂಗೆ ಓದಿ ಏಳಿ."

ನಾನು ಓದಿದೆ. ಈ ಸಲ ಆ ಪದವನ್ನೂ ಹೇಳಿದೆ. ನನ್ನ ಧ್ವನಿ ಸಣ್ಣದಾಗಿತ್ತು, ಸ್ಟಾಫ್ ರೂಮಿನಲ್ಲಿ ಇನ್ನಿಬ್ಬರು ಟೀಚರುಗಳಿದ್ದರು. ಆ ಪದ ಕೇಳಿ ತಾತನ ಮುಖ ಬದಲಾಗಲಿಲ್ಲ. ಗಾಳಿಯ ಮಾತಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು. ಅದನ್ನು ಇನ್ನೊಂದು ಸಲ ಓದಿ ಎಂದರು. ಓದಿದೆ.

"ಇದ ಬರ್ದೋರು ಯಾರ್ನ ಕೇಳಿ ಬರುದ್ರು? ನಮ್ಮಪ್ಪುನ್ನ ಕೇಳುದ್ರಾ?" ಎಂದರು. ಜೋರಾಗಿ ಹೇಳಲಿಲ್ಲ. "ಅಲ್ಲಿ ಕೂತಿದ್ದೋನು ನಮ್ಮಪ್ಪ. ಅವನ್ ಆದ್ಮೇಲೆ ನಾನೂ ಕೂತಿದ್ದೆ. ಅದು ಪಡುವ್ಲು ಜಗ್ಲಿ ಮೇಡಮ್ಮೋರೆ. ಮದ್ಯಾನ ತಿರುಗ್ತಿದ್ದಂಗೆ ಬಿಸ್ಲು ಮೂತಿಗೇ ಒಡೀತದೆ. ಅಲ್ಲೇನ್ ಗಾಳಿ?"

ಆಮೇಲೆ ಸಮಾಧಾನವಾಗಿ ಹೇಳುತ್ತಾ ಹೋದರು. ಒಳಗಿನ ಹಲಗೆ ಕಾಣಬೇಕೆಂದರೆ ಬಾಗಿಲಿನ ನೇರಕ್ಕೆ ಕೂರಬೇಕಿತ್ತು, ಆ ಜಾಗಕ್ಕೆ ಮಕ್ಕಳು ಬೆಳಿಗ್ಗೆ ಬೇಗ ಬಂದು ಕೂರುತ್ತಿದ್ದರು. ಬಿಸಿಲು ಬಂದಾಗ ಸ್ಲೇಟನ್ನು ತಲೆಯ ಮೇಲೆ ಹಿಡಿದುಕೊಳ್ಳುತ್ತಿದ್ದರು. ಹಾಗೆ ಹಿಡಿದುಕೊಂಡರೆ ಬರೆಯಲಾಗುತ್ತಿರಲಿಲ್ಲ. ಬರೆಯಲಿಲ್ಲವೆಂದು ಏಟು ಬೀಳುತ್ತಿತ್ತು. ಮೊಮ್ಮಗಳು ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು. ಇದನ್ನು ಅವಳಿಗೂ ಅವರು ಮೊದಲು ಹೇಳಿರಲಿಲ್ಲವೆಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಆ ಹಳೆಯ ಕಟ್ಟಡ ಇನ್ನೂ ಇದೆ. ನಮ್ಮ ಶಾಲೆಯ ಹಿಂಭಾಗದಲ್ಲಿ ಎರಡು ಕೋಣೆಯ ಹೆಂಚಿನ ಮನೆ. ಒಳಗೆ ಬಿಸಿಯೂಟದ ಅಕ್ಕಿ ಬೇಳೆ ಇಡುತ್ತಾರೆ. ಜಗಲಿಗೆ ಸಿಮೆಂಟು ಮೆತ್ತಿದ್ದಾರೆ, ಅಲ್ಲಿ ಮಕ್ಕಳು ತಟ್ಟೆ ಹಿಡಿದುಕೊಂಡು ಊಟಕ್ಕೆ ಕೂರುತ್ತಾರೆ. ಹನ್ನೊಂದು ವರ್ಷ ನಾನೂ ಅಲ್ಲಿ ನಿಂತು ಊಟ ಬಡಿಸುವುದನ್ನು ನೋಡಿಕೊಂಡಿದ್ದೆ. ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಯಾವತ್ತೂ ಯೋಚಿಸಿರಲಿಲ್ಲ.

ಸೋಮವಾರ ನಾನು ಒಂಬತ್ತನೇ ತರಗತಿಗೆ ಹೋಗಿ, ಹಿಂದಿನ ವಾರ ಒಂದು ಪದ ಬಿಟ್ಟು ಹೇಳಿದ್ದೆ ಎಂದು ಒಪ್ಪಿಕೊಂಡೆ. ಪದ ಯಾವುದೆಂದು ಹೇಳಿದೆ, ಯಾಕೆ ಬಿಟ್ಟೆ ಎಂದೂ ಹೇಳಿದೆ. ನನಗೆ ನಾಚಿಕೆಯಾಗಿತ್ತು, ಭಯವೂ ಆಗಿತ್ತು. ಆಮೇಲೆ ಮಧ್ಯಾಹ್ನ ಎರಡೂವರೆಗೆ ಎಲ್ಲರನ್ನೂ ಆ ಜಗಲಿಗೆ ಕರೆದುಕೊಂಡು ಹೋದೆ. ದಸರೆ ಕಳೆದು ಒಂದು ತಿಂಗಳಾಗಿತ್ತು. ಕೂರಿ ಎಂದೆ. ಮೂವತ್ತೊಂದು ಮಕ್ಕಳು ಸಾಲಾಗಿ ಕೂತರು. ಮೊಬೈಲಿನ ದಿಕ್ಸೂಚಿ ತೆಗೆದು ತೋರಿಸುವ ಅಗತ್ಯವೇ ಬೀಳಲಿಲ್ಲ, ಎಲ್ಲರೂ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದರು. ಐದು ನಿಮಿಷಕ್ಕೆ ಒಬ್ಬ ಮಿಸ್ ಸಾಕು ಎಂದ. ಇನ್ನೂ ಐದು ನಿಮಿಷ ಕೂರಿಸಿದೆ. ಮೇಲಿನ ಬೀದಿಯ ಮಕ್ಕಳೂ ಕೆಳಗಿನ ಬೀದಿಯ ಮಕ್ಕಳೂ ಒಂದೇ ಸಾಲಿನಲ್ಲಿದ್ದರು. ಯಾರೂ ಏನೂ ಆಡಿಕೊಳ್ಳಲಿಲ್ಲ.

ಆ ವಾರವೇ ಆ ಹುಡುಗಿ ಕಂಪ್ಯೂಟರ್ ರೂಮಿನಲ್ಲಿ ಇನ್ನೊಂದು ಕೆಲಸ ಮಾಡಿದಳು. ಮೂರು ಕಂಪ್ಯೂಟರುಗಳಲ್ಲಿ ಒಂದು ಓಡುತ್ತಿತ್ತು, ಅದಕ್ಕೆ ನನ್ನ ಮೊಬೈಲಿನಿಂದ ಇಂಟರ್‌ನೆಟ್ ಕೊಡಬೇಕಿತ್ತು. ಆ ದಪ್ಪ ಪುಸ್ತಕದ ಪಕ್ಕದಲ್ಲಿ ಪುಸ್ತಕದೊಳಗೇ ಹುಡುಕುವ ಒಂದು ಚೌಕವಿತ್ತು. ಅದರಲ್ಲಿ ಏನು ಬೇಕಾದರೂ ಹೊಡೆಯಬಹುದಾ ಎಂದು ಕೇಳಿದಳು. ಹೂಂ ಎಂದೆ. ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು, ಗಾಳಿ ಮತ್ತು ಜಗಲಿಯ ಆ ಇಂಗ್ಲಿಷ್ ಮಾತುಗಳನ್ನು ಒಂದೊಂದೇ ಅಕ್ಷರ ನೋಡಿ ಹೊಡೆದಳು. ಚಕ್ರ ತಿರುಗಿತು. ಒಂದಲ್ಲ, ಏಳು ಪುಟಗಳು ಬಂದವು.

ಏಳು ಬೇರೆ ಬೇರೆ ಊರಿನ ಶಾಲೆಗಳು. ಊರಿನ ಹೆಸರು ಬೇರೆ, ಮೇಷ್ಟ್ರು ಬೇರೆ, ಹೆಂಚಿನ ಕಥೆ ಬೇರೆ. ಕೊನೆಯ ವಾಕ್ಯ ಮಾತ್ರ ಅಕ್ಷರಶಃ ಒಂದೇ. ನಾನು ಅದನ್ನು ಅವಳಿಗೆ ವಿವರಿಸಬೇಕಾಗಲಿಲ್ಲ. ಮೊದಲ ನಾಲ್ಕು ಪುಟಗಳನ್ನು ತೆರೆದು ನೋಡಿ ನನ್ನ ಕಡೆ ತಿರುಗಿದಳು.

"ಎಲ್ಲಾ ಊರ್ ಮಕ್ಳಿಗೂ ಒಂದೇ ತರ ಗಾಳಿ ಬೇಕಾಗಿತ್ತಾ ಮಿಸ್?"

ಮೂಲ ಆಕರವನ್ನು ಹೇಗೆ ಓದಬೇಕೆಂದು ಇಡೀ ದಿನದ ತರಬೇತಿಯಲ್ಲಿ ನನಗೆ ಅರ್ಥವಾಗದ್ದು ಅವತ್ತು ಅರ್ಥವಾಯಿತು. ಆದರೆ ನಾನು ಆಗ ನೋಡುತ್ತಿದ್ದದ್ದು ಬೇರೆ. ಏಳು ಊರುಗಳ ಪಟ್ಟಿಯಲ್ಲಿ ಐದನೆಯದು ನಂಜನಗೂಡಿನ ಕಡೆಯ ಒಂದು ಹಳ್ಳಿ. ಆ ವರದಿಯ ಕಾಲವೂ ಸೇರಿ ಅಲ್ಲಿ ನಮ್ಮ ತಂದೆಯ ತಂದೆ ಹದಿನೈದು ವರ್ಷ ಮೇಷ್ಟ್ರಾಗಿದ್ದರು. ನಮ್ಮ ಮನೆಯಲ್ಲಿ ಅವರ ಫೋಟೋ ಇದೆ, ವರ್ಷಕ್ಕೊಮ್ಮೆ ಹೂವು ಹಾಕುತ್ತೇವೆ. ಬಡ ಮಕ್ಕಳಿಗೆ ಬಳಪ ಹಂಚುತ್ತಿದ್ದರು, ಯಾರ ಮೇಲೂ ಕೈ ಎತ್ತಿದವರಲ್ಲ ಎಂದು ಕೇಳಿಕೊಂಡೇ ನಾನು ಬೆಳೆದದ್ದು. ಟೀಚರ್ ಆಗಬೇಕೆಂದು ನನಗೆ ಅನ್ನಿಸಿದ್ದೂ ಆ ಫೋಟೋ ನೋಡಿಯೇ. ಹುಡುಗಿ ಐದನೆಯ ಪುಟ ತೆರೆಯಲು ಹೋದಾಗ ಡೇಟಾ ಖಾಲಿಯಾಗುತ್ತದೆ, ಸಾಕು ಎಂದು ನಿಲ್ಲಿಸಿದೆ. ಒಂದೇ ತಿಂಗಳಲ್ಲಿ ಅವಳಿಗೆ ನಾನು ಹೇಳಿದ ಎರಡನೆಯ ಸುಳ್ಳು.

ಆ ಭಾನುವಾರ ಅಣ್ಣನ ಮನೆಗೆ ಹೋಗಿ ನಮ್ಮ ತಂದೆಯನ್ನು ಕೇಳಿದೆ. ಅವರಿಗೆ ಎಂಬತ್ತನಾಲ್ಕು, ನೆನಪು ಇನ್ನೂ ಚುರುಕು. ತಾತನ ಶಾಲೆಯಲ್ಲಿ ಮಕ್ಕಳು ಹೊರಗೆ ಕೂರುತ್ತಿದ್ದರಾ ಎಂದೆ. ಪೇಪರ್ ಮಡಚಿಟ್ಟರು. ಆಮೇಲೆ, "ಎಲ್ಲಾ ಕಡೆ ಹಾಗೇ ಇತ್ತಮ್ಮ. ಅವರೊಬ್ಬರೇ ಏನು ಮಾಡೋಕಾಗ್ತಿತ್ತು?" ಎಂದರು. ಈಗ ಅದನ್ನೆಲ್ಲ ಯಾಕೆ ಕೇಳುತ್ತೀಯ ಎಂದೂ ಸೇರಿಸಿದರು. ಅವರ ಕಣ್ಣಲ್ಲಿ ಕೋಪವಿರಲಿಲ್ಲ, ನನ್ನಿಂದ ಏನನ್ನೋ ಬೇಡುವಂತಿತ್ತು. ಅತ್ತಿಗೆ ಕಾಫಿ ತಂದರು. ಕುಡಿದು ಎದ್ದು ಬಂದೆ.

ಮಕ್ಕಳು ಅಷ್ಟರಲ್ಲಿ ಒಂದು ಚಾರ್ಟ್ ಮಾಡಿದ್ದರು. ನಡುವೆ ವರದಿಯ ಪುಟ, ಒಂದು ಕಡೆ ಅದರ ಕನ್ನಡ, ಇನ್ನೊಂದು ಕಡೆ ಹುಡುಗಿಯ ತಾತ ಹೇಳಿದ ಮಾತುಗಳು, ಕೆಳಗೆ ಜಗಲಿಯ ಚಿತ್ರ ಮತ್ತು ಮಧ್ಯಾಹ್ನದ ಸೂರ್ಯ. ತಾತನ ಮಾತುಗಳನ್ನು ಬರೆದಿದ್ದವಳು ಆ ಹುಡುಗಿ, ಅವಳ ಅಕ್ಷರ ದೂರದಿಂದಲೂ ಓದುವಂತಿತ್ತು. ಚಾರ್ಟನ್ನು ವರಾಂಡದ ಗೋಡೆಗೆ ಅಂಟಿಸಿದೆವು. ನಾನು ಫೋಟೋ ತೆಗೆದು ಅಪ್‌ಲೋಡ್ ಮಾಡಿದೆ. ಧನ್ಯವಾದಗಳು ಎಂದು ಒಂದು ಮೆಸೇಜ್ ಬಂತು, ಯಾರೂ ಅದನ್ನು ತೆರೆದು ನೋಡಿರಲಾರರು.

ನೋಡಿದವರು ಊರಿನವರು. ಶಾಲೆಯ ಸಮಿತಿಯ ಮೀಟಿಂಗಿಗೆ ಬಂದ ಇಬ್ಬರು ಅದರ ಮುಂದೆ ನಿಂತು ಓದಿ, ಹೆಡ್‌ಮಾಸ್ಟರ ಕೋಣೆಗೆ ಹೋದರು. ಊರಿನಲ್ಲಿ ಎಲ್ಲರೂ ಹೊಂದಿಕೊಂಡಿದ್ದೇವೆ, ಮಕ್ಕಳ ತಲೆಗೆ ಹಳೆಯದನ್ನು ತುಂಬುವುದು ಯಾಕೆ, ಇದು ಪಠ್ಯದಲ್ಲಿ ಇದೆಯಾ ಎಂದು ಕೇಳಿದರಂತೆ. ಗಲಾಟೆಯೇನೂ ಮಾಡಲಿಲ್ಲ. ಮರ್ಯಾದೆಯಿಂದಲೇ ಹೇಳಿ ಹೋದರು. ಮಾರನೆಯ ದಿನ ಹೆಡ್‌ಮಾಸ್ಟರು ನನ್ನನ್ನು ಕರೆದರು. ಮುಡುಕುತೊರೆ ಕಡೆಯವರು, ಒಳ್ಳೆಯ ಮನುಷ್ಯ. ನನಗೆ ಕುರ್ಚಿ ತೋರಿಸಿ ತಾವೂ ಕೂತು, ಟೇಬಲ್ಲಿನ ಗಾಜಿನ ಕಡೆ ನೋಡುತ್ತಾ ಹೇಳಿದರು.

"ನೀವು ಮಾಡಿದ್ದು ತಪ್ಪು ಅಂತ ಹೇಳ್ತಿಲ್ಲ ಮೇಡಂ. ನನಗಿನ್ನು ಎಂಟು ತಿಂಗಳು ಸರ್ವೀಸಿದೆ. ನೆಮ್ಮದಿಯಾಗಿ ಮನೆಗೆ ಹೋಗ್ಬೇಕು. ಅದನ್ನ ತೆಗೆಸಿಬಿಡಿ."

ನಾನು ವಾದ ಮಾಡಲಿಲ್ಲ. ಮಾಡಬಹುದಿತ್ತು. ತರಬೇತಿಯಲ್ಲಿ ಹೇಳಿದ್ದನ್ನೇ ಮಾಡಿದ್ದೇನೆ ಎನ್ನಬಹುದಿತ್ತು, ಬರೆದು ಕೊಡಿ ಎನ್ನಬಹುದಿತ್ತು. ಆವತ್ತು ಬೆಳಿಗ್ಗೆ ಬಸ್ಸು ಕೆಟ್ಟು ಅರ್ಧ ದಾರಿ ಇನ್ನೊಂದು ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದೆ, ಮಂಡಿ ಊದಿಕೊಂಡಿತ್ತು. ಆಯಿತು ಸರ್ ಎಂದೆ. ಸಂಜೆ ಮಕ್ಕಳೆಲ್ಲ ಹೋದ ಮೇಲೆ ನಾನೇ ಕುರ್ಚಿ ಹಾಕಿಕೊಂಡು ಚಾರ್ಟಿನ ಟೇಪನ್ನು ಒಂದೊಂದೇ ಮೂಲೆಯಿಂದ ಬಿಡಿಸಿ ಸುತ್ತಿಟ್ಟೆ. ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಕಾರ್ಖಾನೆಯ ಬೂಟು ಬಿಚ್ಚುತ್ತಾ ಕೇಳಿಸಿಕೊಂಡು, ನೀನು ಸುಮ್ಮನೆ ಒಪ್ಪಿಕೊಂಡೆಯಾ ಎಂದರು. ನಾನೊಬ್ಬಳೇ ಏನು ಮಾಡಲಿ ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಪಾತ್ರೆ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

ಮಾರನೆಯ ದಿನ ಖಾಲಿ ಗೋಡೆ ನೋಡಿ ಮಕ್ಕಳು ನನ್ನನ್ನು ಏನೂ ಕೇಳಲಿಲ್ಲ. ಅದರಿಂದಲೇ ಹೆಚ್ಚು ನೋವಾಯಿತು. ಆ ಹುಡುಗಿ ಮಾತ್ರ ಎರಡು ದಿನ ಬಿಟ್ಟು ಬಂದು, ಆ ಸೈಟಿನಲ್ಲಿ ಪುಸ್ತಕದ ಕೆಳಗೆ ಓದಿದವರು ಏನಾದರೂ ಬರೆಯಲು ಜಾಗವಿದೆ, ಅಲ್ಲಿ ಬರೆಯಬಹುದಾ ಎಂದಳು. ನಾನು ಅದನ್ನು ಗಮನಿಸಿರಲಿಲ್ಲ. ಹೋಗಿ ನೋಡಿದೆವು. ಹೌದು, ಅಭಿಪ್ರಾಯ ಬರೆಯುವ ಒಂದು ಚೌಕವಿತ್ತು, ಅದರ ಮೇಲೆ ಐದು ನಕ್ಷತ್ರ. ಅಷ್ಟು ದಪ್ಪ ಪುಸ್ತಕದ ಕೆಳಗೆ ಅದುವರೆಗೂ ಯಾರೂ ಒಂದಕ್ಷರ ಬರೆದಿರಲಿಲ್ಲ.

ಊಟದ ಬಿಡುವಿನಲ್ಲಿ ಎಂಟು ಹತ್ತು ಮಕ್ಕಳು ಕಂಪ್ಯೂಟರಿನ ಸುತ್ತ ಸೇರಿದರು. ನನ್ನ ಹೆಸರಿನಲ್ಲಿ ಖಾತೆ ತೆರೆದೆ. ಈ ಸಲ ಯಾರನ್ನೂ ಕೇಳಲಿಲ್ಲ, ಹೆಡ್‌ಮಾಸ್ಟರನ್ನೂ. ಹುಡುಗಿ ತಾತನ ಮಾತುಗಳನ್ನು ನೋಟ್‌ಬುಕ್ಕಿನಿಂದ ನೋಡಿ ಕನ್ನಡದಲ್ಲೇ ಹೊಡೆದಳು. ಇಂಥ ಪುಟದಲ್ಲಿ ಗಾಳಿಗಾಗಿ ಎಂದು ಬರೆದಿದೆ, ಜಗಲಿ ಪಶ್ಚಿಮಕ್ಕಿದೆ, ಮಧ್ಯಾಹ್ನ ನಾವು ಕೂತು ನೋಡಿದ್ದೇವೆ, ಅಲ್ಲಿ ಕೂತಿದ್ದವರು ಇನ್ನೂ ಇದ್ದಾರೆ, ಅವರನ್ನು ಯಾರೂ ಕೇಳಲಿಲ್ಲವಂತೆ, ಇದೇ ವಾಕ್ಯ ಇನ್ನೂ ಆರು ಊರುಗಳ ಪುಟದಲ್ಲಿದೆ. ಆ ಆರು ಪುಟಗಳ ಸಂಖ್ಯೆಯನ್ನೂ ಬರೆಯಲು ಹೇಳಿದೆ. ಐದನೆಯ ಊರಿನ ಪುಟವನ್ನು ಆವತ್ತು ನಾನೇ ತೆರೆದೆ. ಅಲ್ಲಿದ್ದ ಮೇಷ್ಟ್ರು ನಮ್ಮ ತಾತ ಎಂದು ಮಕ್ಕಳಿಗೆ ಹೇಳಿದೆ. ಹುಡುಗಿ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, ಆ ಪುಟದ ಸಂಖ್ಯೆಯನ್ನೂ ಹೊಡೆದಳು.

ನಕ್ಷತ್ರ ಕೊಡದಿದ್ದರೆ ಸೈಟು ಮುಂದಕ್ಕೆ ಬಿಡುತ್ತಿರಲಿಲ್ಲ. ಎಷ್ಟು ಕೊಡಬೇಕೆಂದು ಜಗಳವಾಯಿತು. ಒಂದೇ ಕೊಡಿ, ಸುಳ್ಳು ಬರೆದಿದ್ದಾನೆ ಎಂದರು ಹೆಚ್ಚಿನವರು. ಹುಡುಗಿ ಒಪ್ಪಲಿಲ್ಲ.

"ಬರ್ದಿದ್ರಿಂದ್ಲೇ ಅಲ್ವಾ ನಮ್ಗೆ ಗೊತ್ತಾಗಿದ್ದು? ಜಗ್ಲೀಲಿ ಕೂತಿದ್ರು ಅನ್ನೋದೇ ಬರೀದಿದ್ರೆ? ಮೂರು ಕೊಡಿ ಮಿಸ್" ಎಂದಳು.

ಮೂರು ಕೊಟ್ಟೆವು. ಒಂದು ವಾರದ ಮೇಲೆ ಅದು ಪುಟದ ಕೆಳಗೆ ಕಾಣಿಸಿತು. ಪ್ರಪಂಚದಲ್ಲಿ ಯಾರು ಆ ಪುಸ್ತಕ ತೆರೆದರೂ ಕೆಳಗೆ ಕನ್ನಡದ ಹತ್ತು ಸಾಲು ಇರುತ್ತವೆ. ಓದಲು ಬರುವವರು ಎಷ್ಟು ಜನ ತೆರೆಯುತ್ತಾರೋ ಗೊತ್ತಿಲ್ಲ. ಉತ್ತರವಾಗಿ ಇವತ್ತಿನವರೆಗೂ ಯಾರೂ ಏನೂ ಬರೆದಿಲ್ಲ.

ಕೆಲವು ದಿನಗಳಾದ ಮೇಲೆ ಹುಡುಗಿಯ ತಾತ ಮತ್ತೆ ಶಾಲೆಗೆ ಬಂದರು. ಮಗನ ಮೊಬೈಲಿನಲ್ಲಿ ಮೊಮ್ಮಗಳು ಓದಿಸಿದ್ದಳಂತೆ. ಎಲ್ಲ ಸರಿಯಾಗಿದೆ, ಒಂದು ಬಿಟ್ಟುಹೋಗಿದೆ ಎಂದರು. ನಾನು ಪೆನ್ನು ತೆಗೆದುಕೊಂಡೆ.

"ಒಬ್ರು ಮೇಷ್ಟ್ರು ಬಂದ್ರು ಮೇಡಮ್ಮೋರೆ, ನಾನು ಎರಡ್ನೇ ಕ್ಲಾಸ್ನಲ್ಲಿದ್ದಾಗ. ಬಂದ್ ದಿನಾನೇ ಜಗ್ಲಿಗ್ ಬಂದು ಎಲ್ಲಾ ಒಳಿಕ್ ಬನ್ರಪ್ಪಾ ಅಂದ್ರು. ನಮ್ಗೆ ಎದ್ರಿಕೆ, ಓಗ್ಲಿಲ್ಲ. ಅವ್ರೇ ಒಬ್ಬೊಬ್ರನ್ನೇ ರಟ್ಟೆ ಇಡ್ದು ಕರ್ಕೊಂಡ್ ಓದ್ರು. ಊರ್ನೋರು ಮೂರ್ ದಿನ ಮಕ್ಳ ಕಳಿಸ್ನಿಲ್ಲ. ಅವ್ರು ನಮ್ಗಷ್ಟೇ ಪಾಠ ಮಾಡುದ್ರು. ಆಮೇಲೆ ಎಲ್ರೂ ಬಂದ್ರು."

ಅವರ ಹೆಸರು ಕೇಳಿದೆ. ಮೇಷ್ಟ್ರು ಎಂದೇ ಕರೆಯುತ್ತಿದ್ದೆವು, ಹೆಸರು ಗೊತ್ತಿಲ್ಲ ಎಂದರು. ತೆಳ್ಳಗಿದ್ದರು, ಸೈಕಲ್ಲಿತ್ತು, ಒಂದೂವರೆ ವರ್ಷಕ್ಕೆ ವರ್ಗವಾಗಿ ಹೋದರು. ಅಷ್ಟೇ ನೆನಪಿದ್ದದ್ದು. ನಾನು ಆಮೇಲೆ ಸಿಕ್ಕಿದ ಕಡೆಯೆಲ್ಲ ಹುಡುಕಿದೆ, ಹಳೆಯ ಹಾಜರಿ ಪುಸ್ತಕಗಳ ಕಟ್ಟನ್ನೂ ಬಿಚ್ಚಿಸಿ ನೋಡಿದೆ. ಗೆದ್ದಲು ತಿಂದು ಉಳಿದದ್ದರಲ್ಲಿ ಆ ವರ್ಷಗಳು ಇರಲಿಲ್ಲ. ಆ ಮೇಷ್ಟ್ರ ಬಗ್ಗೆ ಎಲ್ಲೂ ಒಂದು ಸಾಲು ಇಲ್ಲ. ಇರುವುದು ನಾವು ಆ ಚೌಕದೊಳಗೆ ಮತ್ತೆ ಸೇರಿಸಿದ ನಾಲ್ಕು ಸಾಲು ಮಾತ್ರ.

ಹೆಡ್‌ಮಾಸ್ಟರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ನನ್ನ ಹತ್ತಿರ ಬಂದು, ಆ ಚಾರ್ಟ್ ಇನ್ನೂ ಇದೆಯಾ ಮೇಡಂ ಎಂದು ಮೆಲ್ಲಗೆ ಕೇಳಿದರು. ಬೀರುವಿನಲ್ಲಿದೆ ಎಂದೆ. ಇರಲಿ ಎಂದರು. ಹುಡುಗಿ ಹತ್ತನೆಯ ತರಗತಿ ಮುಗಿಸಿ ನರಸೀಪುರದಲ್ಲಿ ಪಿಯುಸಿಗೆ ಸೇರಿದಳು, ಕಾಮರ್ಸ್ ತೆಗೆದುಕೊಂಡಿದ್ದಾಳೆ. ಬೆಳಗಿನ ಹೊತ್ತು ಬಸ್‌ಸ್ಟ್ಯಾಂಡಿನಲ್ಲಿ ಕೆಲವೊಮ್ಮೆ ಸಿಗುತ್ತಾಳೆ. ತಾತನ ಕಣ್ಣಿನ ಆಪರೇಷನ್ ಆಯಿತು, ಈಗ ಪೇಪರು ಓದುತ್ತಾರೆ ಎಂದು ಹೇಳುತ್ತಾಳೆ. ಅವಳ ಬಸ್ಸು ಬಂದರೆ ಓಡುತ್ತಾಳೆ.

ನಾನು ಅದೇ ಶಾಲೆಯಲ್ಲಿದ್ದೇನೆ, ವರ್ಗಾವಣೆಗೆ ಅರ್ಜಿ ಹಾಕಿದ್ದೇನೆ, ಆಗಿಲ್ಲ. ಪ್ರತಿ ವರ್ಷ ಒಂಬತ್ತನೇ ತರಗತಿಗೆ ಒಂದು ಹಳೆಯ ಪುಟ ತೋರಿಸುತ್ತೇನೆ. ಮೂರು ಪಿರಿಯಡ್ ಹಿಡಿಯುತ್ತದೆ, ಅಷ್ಟಕ್ಕೆ ಪಾಠ ಹಿಂದೆ ಬೀಳುತ್ತದೆ, ಆಮೇಲೆ ಶನಿವಾರ ಸ್ಪೆಷಲ್ ಕ್ಲಾಸ್ ತೆಗೆದುಕೊಂಡು ಸರಿದೂಗಿಸಬೇಕು. ಒಂದು ಪದವನ್ನೂ ಬಿಡದೆ ಓದುತ್ತೇನೆ. ಈ ವರ್ಷದ ಪುಟ ನಾಲೆ ತೋಡಿಸಿದ ಕಾಲದ್ದು, ಕೂಲಿಯವರ ಬಗ್ಗೆ. ಅದರಲ್ಲೂ ಅವರಿಗೆ ಕೆಲಸ ಬಹಳ ಇಷ್ಟವಾಗಿತ್ತು ಎಂದು ಬರೆದಿದೆ. ಓದಿ ಮುಗಿಸಿದ ಮೇಲೆ ಯಾರ ಕೈ ಮೇಲೆದ್ದೀತೋ ಎಂದು ಕಾಯುತ್ತಾ, ಮಂಡಿನೋವಿಗೆ ಟೇಬಲ್ ಹಿಡಿದುಕೊಂಡು ನಿಂತಿರುತ್ತೇನೆ.